ಎರಡು ಹುಡುಕಾಟ, ಒಂದು ಕೂಸು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಮಕ್ಕಳ ದವಾಖಾನೆಯೊಂದಿತ್ತು. ಅದನ್ನು ನಡೆಸುತ್ತಿದ್ದ ವೈದ್ಯೆ ದಾಕ್ಷಾಯಿಣಮ್ಮನವರನ್ನು ಎಲ್ಲರೂ ಅಮ್ಮಾರು ಎನ್ನುತ್ತಿದ್ದರು. ನಿಜಗುಣ ಅವರ ಶಿಷ್ಯ. ವೈದ್ಯಕೀಯ ಓದು ಆಗಷ್ಟೇ ಮುಗಿಸಿ ಬಂದಿದ್ದ.

ನಲವತ್ತು ವರ್ಷಗಳಿಂದ ಅಮ್ಮಾರು ಬಂದ ಪ್ರತಿ ಮಗುವಿಗೂ ಒಂದು ಚೀಟಿ ಬರೆದಿಟ್ಟಿದ್ದರು. ಮೇಲೆ ಕಾಯಿಲೆಯ ಹೆಸರು, ಕೆಳಗೆ ತಾಯಿ ಆಡಿದ ಮಾತು, ಆಡಿದ ಹಾಗೆಯೇ; ಕೊನೆಗೆ ಮಗು ಗುಣವಾದ ಬಗೆ. ಆಶ್ರಮದವರು ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದ್ದರು. ಇನ್ನು ಹುಡುಕುವುದೇನು ಮಹಾ ಎಂದು ನಿಜಗುಣ ತಿಳಿದಿದ್ದ.

ಒಂದು ಶನಿವಾರ ಕಾಶವ್ವ ಎಂಬ ಹೆಂಗಸು ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಮಗುವಿನ ತುಟಿಗೆ ಮಣ್ಣು ಮೆತ್ತಿತ್ತು.

"ಇಕಿ ಮಣ್ಣ ತಿಂತಾಳ್ರೀ. ಗಾಳಿ ಸೋಕೇತಿ, ಸೋಮವಾರ ಹೊಟ್ಟಿಗೆ ಕಬ್ಬಿಣ ಕಾಸಿ ಬರಿ ಹಾಕಸೂದ ಅಂತ ನಮ್ಮತ್ತಿ ಹಟ ಹಿಡದಾಳ."

ನಿಜಗುಣ ಕುರ್ಚಿಯಿಂದ ಎದ್ದೇಬಿಟ್ಟ. "ಬ್ಯಾಡವ್ವಾ. ಪುಸ್ತಕದಾಗ ಇದಕ್ಕ..."

"ಪುಸ್ತಕದ ಮಾತು ಆಕಿ ಕೇಳೂದಿಲ್ರೀ. ನಮ್ಮ ಸೀಮಿ ಕೂಸು, ಹಿಂಗಿದ್ದು ಇಲ್ಲಿ ಬಂದು ಆರಾಮಾಗಿದ್ದು, ಒಂದರ ಐತೇನು? ಇದ್ರ ಹೇಳ್ರಿ. ಕಾಲು ಹಿಡದಾದ್ರೂ ಆಕಿನ್ನ ತಡೀತೀನಿ."

ನಿಜಗುಣ ಕಂಪ್ಯೂಟರಿನ ಮುಂದೆ ಕುಳಿತ. ಮೊದಲು ತಾಯಂದಿರ ಮಾತುಗಳಲ್ಲಿ "ಮಣ್ಣು ತಿನ್ನುವುದು" ಎಂದು ಹುಡುಕಿದ. ಒಂದೂ ಬರಲಿಲ್ಲ.

ಆಮೇಲೆ ಕಾಯಿಲೆಯ ಹೆಸರು ಹಿಡಿದು ಹುಡುಕಿದ. "ಕೆಟ್ಟ ಚಟ" ಎಂಬ ಹೆಸರಿನಡಿ ಉಗುರು ಕಚ್ಚುವವರು, ಬೆರಳು ಚೀಪುವವರು ಸಾಲುಗಟ್ಟಿದ್ದರು. ಮಣ್ಣು ತಿನ್ನುವವರು ಇರಲಿಲ್ಲ.

"ನಲವತ್ತ ವರ್ಷದಾಗ ಅಂಥಾ ಕೂಸು ಇಲ್ಲವ್ವಾ."

ಕಾಶವ್ವನ ಮುಖ ಸಣ್ಣದಾಯಿತು. "ಹಂಗಾರ ನಮ್ಮತ್ತಿ ಅನ್ನೂದ ಖರೇ," ಎಂದು ಸೆರಗಿನಿಂದ ಮಗಳ ಬಾಯಿ ಒರೆಸಿ ಎದ್ದಳು.

ಅಮ್ಮಾರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಪ್ರಸಾದ ತಗೊಂಡು ಹೋಗವಾ, ಇನ್ನೂ ಹೊತ್ತೈತಿ," ಎಂದು ಅವಳನ್ನು ಊಟಕ್ಕೆ ಕಳಿಸಿದರು. ಶಿಷ್ಯನತ್ತ ತಿರುಗಿದರು.

"ಇಲ್ಲ ಅಂತ ಯಾರು ಹೇಳಿದ್ರು?"

"ಕಂಪ್ಯೂಟರ್ ಹೇಳಿತ್ರೀ ಅಮ್ಮಾರ."

"ಏನಂದೈತಿ, ಓದು."

ನಿಜಗುಣ ಓದಿದ. "ಸಿಗಲಿಲ್ಲ."

"ಅದು ಸಿಗಲಿಲ್ಲ ಅಂತು. ನೀ ಇಲ್ಲ ಅಂದಿ."

ಅವನ ಕಿವಿ ಕೆಂಪಾದವು. "ಹೆಂಗ ಹುಡುಕ್ಲಿ ಹಂಗಾರ? ಮಾತು ಹಿಡದೋ, ಹೆಸರು ಹಿಡದೋ?"

"ಪಡಸಾಲ್ಯಾಗ ತಾಯಂದಿರು ಕುಂತಾರ. ಅವರ ಜೋಡಿ ಕುಂದರು. ಮಕ್ಕಳು ಏನೇನ್ ಬಾಯಿಗೆ ಹಾಕ್ಕೊತಾವ ಕೇಳು, ಬರಕೋ. ತಿದ್ದಬ್ಯಾಡ."

ಅವನು ಹೋಗಿ ಕುಳಿತ. ಮೊದಮೊದಲು ಅವರು ಕೆಮ್ಮು ನೆಗಡಿಯ ಮಾತನ್ನಷ್ಟೇ ಆಡಿದರು. ಡಾಕ್ಟರ ಮುಂದೆ ಮಕ್ಕಳ ಮಾನ ಯಾರು ಕಳೆದಾರು? ಬಹಳ ಹೊತ್ತಾದ ಮೇಲೆ ಒಬ್ಬಳು, "ನಮ್ಮದು ಗ್ವಾಡಿ ನೆಕ್ಕತೈತ್ರೀ," ಎಂದಳು. ಇನ್ನೊಬ್ಬಳು, "ನಮ್ಮದು ಒಲಿ ಬೂದಿ ಬಿಡೂದಿಲ್ಲ," ಎಂದಳು. ಅಜ್ಜಿಯೊಬ್ಬಳು, "ಇದರವ್ವನೂ ಸಣ್ಣಾಕಿದ್ದಾಗ ಬಳಪ ಕಟಂಕಟಂ ಕಡೀತಿದ್ಲು," ಎಂದು ಪಕ್ಕದಲ್ಲಿದ್ದ ಮಗಳ ಮಾನ ಹರಾಜು ಹಾಕಿದಳು.

ನಿಜಗುಣ ಓಡಿ ಬಂದು ಆ ಮಾತುಗಳನ್ನೇ ಹಾಕಿ ಹುಡುಕಿದ. ಗ್ವಾಡಿ. ಬೂದಿ. ಬಳಪ. ಮಣ್ಣ ತಿಂತೈತಿ. ಮೂವತ್ತೊಂದು ಚೀಟಿ ಬಂದವು. ಅದರಲ್ಲೊಬ್ಬ ಬಳಪವನ್ನು ಮೂಗಿಗೆ ತುರುಕಿಕೊಂಡವನು; ಅವನನ್ನು ಬದಿಗಿಟ್ಟ.

ಹೆಚ್ಚಿನ ಚೀಟಿಗಳ ಮೇಲೆ ಕಾಯಿಲೆಯ ಹೆಸರು ಒಂದೇ ಇತ್ತು: ರಕ್ತ ಕಡಿಮೆ. ತಾನು ಚಟ ಎಂದುಕೊಂಡದ್ದನ್ನು ಅಮ್ಮಾರು ಕೊರತೆ ಎಂದು ಬರೆದಿದ್ದರು. ಅವನಿಗೆ ನಾಚಿಕೆಯಾಯಿತು. ಆ ಹೆಸರು ಹಿಡಿದು ಹುಡುಕಿದಾಗ ಇಂಥ ಇನ್ನೂ ಹನ್ನೆರಡು ಮಕ್ಕಳು ಸಿಕ್ಕರು. ಅವರ ತಾಯಂದಿರು "ಬಾಯಿ ಸುಮ್ಮನಿರೂದಿಲ್ಲ" ಎಂದಷ್ಟೇ ಹೇಳಿದ್ದರು.

ಊಟ ಮುಗಿಸಿ ಬಂದ ಕಾಶವ್ವನಿಗೆ ಮಕ್ಕಳ ಹೆಸರು ಬಿಟ್ಟು ಚೀಟಿಗಳನ್ನು ಓದಿ ಹೇಳಿದ. "ಎರಡು ವರ್ಷದ ಕೂಸು. ಗ್ವಾಡಿ ನೆಕ್ಕತಿತ್ತು. ರಕ್ತ ಕಡಿಮಿ ಇತ್ತು. ಔಷಧ ಕೊಟ್ಟ ಮೂರು ತಿಂಗಳಿಗೆ ಬಿಟ್ಟತು."

"ಇನ್ನೊಂದು ಓದ್ರಿ."

ಆರನೆಯದಕ್ಕೆ ಅವಳು ಅತ್ತುಬಿಟ್ಟಳು. "ನಂದೊಂದ ಅಲ್ಲೇನ್ರೀ ಹಂಗಾರ?"

ಅಂದೇ ಮಗುವಿನ ರಕ್ತ ಪರೀಕ್ಷೆಯಾಯಿತು, ಔಷಧ ಶುರುವಾಯಿತು. ಸೋಮವಾರ ಕಾಶವ್ವ ಅತ್ತೆಯನ್ನೇ ಕರೆತಂದಳು. ಮುದುಕಿ ಗಂಟುಮುಖ ಹಾಕಿಕೊಂಡೇ ಚೀಟಿಗಳನ್ನೆಲ್ಲ ಓದಿಸಿಕೊಂಡಳು. ಕೊನೆಗೆ, "ಆತು ಬಿಡ್ರಿ. ಬರಿ ಬ್ಯಾಡ," ಎಂದು ಮೊಮ್ಮಗಳನ್ನು ಎತ್ತಿಕೊಂಡು ಹೋದಳು.

ನಿಜಗುಣ ಹಿಗ್ಗಿ ಹೀರೇಕಾಯಿಯಾದ. ಹಾಳೆಯೊಂದರಲ್ಲಿ ಎಲ್ಲ ಬರೆದು ತಂದ.

"ಅಮ್ಮಾರ, ಮಾತಿನ ದಾರಿಗೆ ಮೂವತ್ತು ಕೂಸು. ಹೆಸರಿನ ದಾರಿಗೆ ಮೂವತ್ನಾಕು. ಎರಡರಾಗೂ ಬಂದದ್ದನ್ನ ಒಮ್ಮೆ ಎಣಸಿದ್ರ ಒಟ್ಟು ನಲವತ್ತೆರಡು. ಯಾವ ದಾರಿ ಚಲೋ ಅಂತ ಬರೀಲಿ?"

"ಎರಡೂ ದಾರ್ಯಾಗ ಸಿಗದ ಕೂಸು ಎಷ್ಟು?"

ಅವನು ತಬ್ಬಿಬ್ಬಾದ. "ಸಿಗದ್ದನ್ನ ಹೆಂಗ ಎಣಸೂದ್ರೀ?"

ಅಮ್ಮಾರು ಕಿಟಕಿಯಾಚೆ ನೋಡಿದರು. ಗೇಟಿನ ಹೊರಗೆ ಹೆಂಗಸೊಬ್ಬಳು ಮಗುವಿನ ಬಾಯಿಗೆ ಸೆರಗು ಮುಚ್ಚಿ, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು.

"ಎಣಸಬ್ಯಾಡ, ತಮ್ಮಾ. ಹೋಗಿ ಕರಕೊಂಡು ಬಾ."