ಕೊನೆಗೆ ಬಂದ ಗಾಳಿ

ಸೂಲಗಿತ್ತಿ ಬಸಲಿಂಗವ್ವನ ಶ್ವಾಸನಾಳದಲ್ಲಿ ಒಂದು ಹಿಡಿ ಗಾಳಿ ನಿಂತಿತ್ತು. ಮೊದಲು ಒಳಹೊಕ್ಕ ಗಾಳಿಯೆಲ್ಲ ಶ್ವಾಸಕೋಶದ ತಳ ಸೇರಿ ನೆತ್ತರನ್ನು ಕಂಡಿತ್ತು. ಕೊನೆಗೆ ಬಂದ ಇದಕ್ಕೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

"ನಾಳವೇ, ಒಂದೇ ಒಂದು ಸಲ ನೆತ್ತರನ್ನು ಮುಟ್ಟಿ ಬರುತ್ತೇನೆ, ಬಿಡು" ಎಂದು ಅಂಗಲಾಚಿತು.

"ನಾನು ಬರೀ ದಾರಿ. ನೆತ್ತರಿನ ಭೇಟಿ ಇಲ್ಲಿ ಆಗುವುದಿಲ್ಲ. ಕೊನೆಗೆ ಬಂದವರು ಮೊದಲು ಹೊರಡಬೇಕು" ಎಂದಿತು ನಾಳ.

"ಹಾಗಾದರೆ ನಾನು ಬಂದದ್ದಾದರೂ ಯಾಕೆ?"

ಅಷ್ಟರಲ್ಲಿ ಎದೆ ಕುಗ್ಗಿತು. ಕೆಳಗಿನ ಬಳಲಿದ ಗಾಳಿ ಮೇಲೆದ್ದು ಅದನ್ನು ದಬ್ಬಿತು. ತಂದ ಪ್ರಾಣವಾಯುವನ್ನೆಲ್ಲ ಹಾಗೇ ಹೊತ್ತುಕೊಂಡು, ಯಾರಿಗೂ ಬೇಡವಾದೆನಲ್ಲ ಎಂದು ಕೊರಗುತ್ತ ಅದು ತುಟಿಯ ತನಕ ಬಂತು.

ಬಸಲಿಂಗವ್ವನ ತುಟಿ ಆಗ, ಹುಟ್ಟಿಯೂ ಅಳದೆ ನೀಲಿಗಟ್ಟಿದ್ದ ಕೂಸಿನ ಬಾಯಿಯ ಮೇಲಿತ್ತು. ಕೂಸಿನ ಎದೆ ಎಷ್ಟು ಪುಟ್ಟದೆಂದು ಬಲ್ಲ ಅವಳು ಕೆನ್ನೆ ತುಂಬುವಷ್ಟೇ ಊದಿದಳು. ಬಳಲಿದ ಗಾಳಿ ಹಿಂದೆಯೇ ಉಳಿಯಿತು.

ಕಿರುಬೆರಳಿಗಿಂತ ಸಣ್ಣ ನಾಳವೊಂದರಲ್ಲಿ ಗಾಳಿ ಇಳಿಯಿತು. ಅಲ್ಲಿ ಅದಕ್ಕಿಂತ ಮೊದಲು ಯಾರೂ ಬಂದಿರಲಿಲ್ಲ. ತಳದಲ್ಲಿ ನೆತ್ತರು ಕಾಯುತ್ತಿತ್ತು.

"ಇಷ್ಟು ತಡವೇಕೆ?" ಎಂದು ಕೇಳಿತು ನೆತ್ತರು.

ಗಾಳಿ ಉತ್ತರ ಹೇಳುವ ಮೊದಲೇ ಕೂಸು ಅತ್ತಿತು.