ಬೆಳ್ಳಗಿನ ಕೈ

"ಗುರುಗಳೇ, ಅನುಮಾನ ಸುಳ್ಳೆಂದು ಗೊತ್ತಾದ ಮೇಲೆ ಅದರಿಂದ ಯಾರಿಗೇನು ನಷ್ಟ?" ಎಂದು ಶಿಷ್ಯ ಕೇಳಿದ. ಅಡುಗೆಯವನು ತುಪ್ಪ ಕದ್ದನೆಂದು ಅವನು ಹಿಂದಿನ ದಿನ ಮಠವೆಲ್ಲ ಕೇಳುವಂತೆ ಕೂಗಾಡಿದ್ದ. ತುಪ್ಪದ ಗಡಿಗೆ ಉಗ್ರಾಣದಲ್ಲೇ ಸಿಕ್ಕಿತ್ತು.

ಗುರುಗಳು ಹೇಳಿದರು:

ಒಬ್ಬ ಫೋಟೊಗ್ರಾಫರ್ ಇದ್ದ. ಮದುವೆಗಳ ಫೋಟೊ ತೆಗೆಯುವುದು ಅವನ ಕೆಲಸ. ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಆಲ್ಬಮ್ ಮಾಡುವುದು ಹೆಂಡತಿಯ ಕೆಲಸ. ಮನೆಗೆ ಅಂಟಿಕೊಂಡಿದ್ದ ಅವರ ಅಂಗಡಿಯಲ್ಲಿ ಇಬ್ಬರಿಗೂ ಇದ್ದುದು ಒಂದೇ ಕಂಪ್ಯೂಟರ್.

ಒಂದು ಮಧ್ಯಾಹ್ನ ಅವನು ಹೊರಗಿನಿಂದ ಬಂದಾಗ ಹೆಂಡತಿ, "ಯಾಕೋ ಇದು ನಿಂತೇ ಹೋಗಿದೆ, ಸ್ವಲ್ಪ ನೋಡ್ರೀ" ಎಂದು ಕಾಫಿ ಮಾಡಲು ಎದ್ದಳು. ಅವನು ಕಂಪ್ಯೂಟರ್ ಆರಿಸಿ ಕೂಡಲೇ ಮತ್ತೆ ಹಾಕಿದ. ಪರದೆ ಪೂರ್ತಿ ಮೂಡುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ಒಂದು ಚಿತ್ರದ ಚೂರು ಕಾಣಿಸಿ ಮಾಯವಾಯಿತು. ಹೆಣ್ಣೊಬ್ಬಳ ಹೆಗಲು, ಅದರ ಮೇಲೆ ಗಂಡಸಿನ ಕೈ. ಹೆಗಲಿಗೆ ತಾಗುತ್ತಿದ್ದ ಜುಮಕಿ ಅವನ ಹೆಂಡತಿಯದೇ. ಕೈ ಬೆಳ್ಳಗಿತ್ತು. ಅವನಾದರೋ ಕಪ್ಪು.

ಅವನು ಕಾಫಿ ಕುಡಿದು ಎಂದಿನಂತೆ ಕೆಲಸಕ್ಕೆ ಕೂತ. ಅವಳು ಮಲಗಿದ ಮೇಲೆ ಅವಳ ಕೆಲಸದ ಫೋಟೊಗಳನ್ನೆಲ್ಲ ಜಾಲಾಡಿದ. ಆ ಚಿತ್ರ ಸಿಗಲಿಲ್ಲ. ಅಳಿಸಿಹಾಕಿದ್ದಾಳೆ ಎಂದುಕೊಂಡ, ಸಿಗದಿದ್ದುದೇ ಅವನಿಗೆ ಸಾಕ್ಷಿಯಾಯಿತು. ಅಂದಿನಿಂದ ಅಂಗಡಿಗೆ ಬರುವ ಗಂಡಸರ ಕೈಗಳನ್ನು ನೋಡತೊಡಗಿದ. ಪಕ್ಕದ ಔಷಧಿ ಅಂಗಡಿಯವನು ಬೆಳ್ಳಗಿದ್ದ. ಪಾಪ, ಅವನು ಚಿಲ್ಲರೆಗೆಂದು ಕೈ ಚಾಚಿದರೆ ಇವನು ಆ ಬೆರಳುಗಳನ್ನೇ ದಿಟ್ಟಿಸುತ್ತಿದ್ದ. ಹೆಂಡತಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಊಟ ಸೇರದಾಯಿತು.

ಕೊನೆಗೆ ತಡೆಯಲಾರದೆ, "ನಿನ್ನ ಹೆಗಲ ಮೇಲೆ ಕೈ ಹಾಕಿದವನು ಯಾರು? ಹೇಳು, ಇಲ್ಲವೇ ತವರಿಗೆ ಹೊರಡು" ಎಂದ.

ಏನು ಕಂಡಿರಿ, ಯಾವತ್ತು ಕಂಡಿರಿ ಎಂದು ಅವಳು ಎಲ್ಲವನ್ನೂ ಕೇಳಿಕೊಂಡಳು. ಆಮೇಲೆ ಅವರದೇ ಮದುವೆಯ ಆಲ್ಬಮನ್ನು ಪರದೆಯ ಮೇಲೆ ತೆರೆದಳು. ಅದೇ ಹೆಗಲು, ಅದೇ ಜುಮಕಿ, ಅದೇ ಕೈ.

"ಅವತ್ತು ಬೆಳಿಗ್ಗೆ ಗಿರಾಕಿಗೆ ಮಾದರಿ ಅಂತ ಇದನ್ನು ತೋರಿಸಿದ್ದು ನೀವೇ. ಆರಿಸಿದ ಕೂಡಲೇ ಹಾಕಿದರೆ ಹಳೇ ಚಿತ್ರದ ಚೂರು ಕಂಪ್ಯೂಟರಿನೊಳಗೆ ಹಾಗೇ ಉಳಿದಿರುತ್ತೆ, ಹೊಸದು ಮೂಡೋ ತನಕ. ಮದುವೆ ಫೋಟೊಗಳಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡೋ ಹಾಗೆ ನಿಮ್ಮ ಕೈಯನ್ನೂ ಬೆಳ್ಳಗೆ ಮಾಡಿಟ್ಟವರು ನೀವೇ ಅಲ್ವೇನ್ರೀ?"

ಅವನು ನಾಚಿಕೆಯಿಂದ ಕುಗ್ಗಿಹೋದ. ತಪ್ಪಾಯಿತು, ಮನಸ್ಸಿನಿಂದ ತೆಗೆದುಹಾಕು ಎಂದು ಅಂಗಲಾಚಿದ. ಅವಳು ಆಗಲಿ ಎಂದಳು.

ಶಿಷ್ಯನಿಗೆ ನಿರಾಳವಾಯಿತು. "ಅಂದರೆ ಅವಳು ಕ್ಷಮಿಸಿದಳು. ಅಲ್ಲಿಗೆ ಎಲ್ಲ ಮುಗಿಯಿತಲ್ಲ ಗುರುಗಳೇ?"

"ಕ್ಷಮಿಸಿದಳು, ಆದರೆ ಈಗ ಅವನು ಕಂಪ್ಯೂಟರ್ ಹಾಕಿದಾಗಲೆಲ್ಲ ಅವಳು ಅವನ ಮುಖವನ್ನೇ ನೋಡುತ್ತಾಳೆ" ಎಂದರು ಗುರುಗಳು.