ಮೀಟರು ತೋರಿಸಿದ ಒಂದು

"ಗುರುಗಳೇ, ಏನೇ ಮಾಡುವ ಮೊದಲು ಕಣ್ಣು ಮುಚ್ಚಿ ನನ್ನ ಮನಸ್ಸನ್ನು ಕೇಳುತ್ತೇನೆ. ನೀನು ಮಾಡುವುದು ಸರಿ ಎಂದೇ ಅದು ಹೇಳುತ್ತದೆ. ನಂಬಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಹೆಂಗಸು ಬೈಕು ರಿಪೇರಿ ಮಾಡುತ್ತಿದ್ದಳು. ಯಾರೂ ಹೇಳಿಕೊಟ್ಟ ಕೆಲಸವಲ್ಲ. ಕೆಟ್ಟ ಬೈಕುಗಳನ್ನು ಬಿಚ್ಚಿ ಬಿಚ್ಚಿ ಕಲಿತದ್ದು. "ಹೆಂಗಸಿನ ಕೈಗೆ ಗಾಡಿ ಕೊಡುತ್ತೀರಾ?" ಎಂದು ಎದುರಿನ ಗ್ಯಾರೇಜಿನವನು ಗಿರಾಕಿಗಳನ್ನು ಕೆಣಕುತ್ತಿದ್ದ. ಅವಳು ಮಾತ್ರ ಒಂದು ಗಾಡಿಯನ್ನೂ ಸರಿಮಾಡದೆ ಕಳಿಸಿದವಳಲ್ಲ.

ಒಮ್ಮೆ ತರಕಾರಿ ವ್ಯಾಪಾರಿಯೊಬ್ಬ ಬೈಕು ತಂದ. ಬಲಗಡೆಯ ಇಂಡಿಕೇಟರ್ ಉರಿಯುತ್ತಿರಲಿಲ್ಲ. ಕರೆಂಟು ಹರಿಯುತ್ತದೆಯೇ ಎಂದು ನೋಡಲು ಅವಳು ಹೊಸದಾಗಿ ಕೊಂಡಿದ್ದ ಮೀಟರು ತೆಗೆದಳು. ಸ್ವಿಚ್ಚನ್ನು ಬಲಕ್ಕೆ ಒತ್ತಿ, ಅದರ ಎರಡು ವೈರುಗಳಿಗೆ ಮೀಟರಿನ ಎರಡು ಕಡ್ಡಿ ತಾಗಿಸಿದಳು. ಒಂದು ಎಂದು ತೋರಿಸಿತು. ಅಂಕಿ ಚಿಕ್ಕದಾದಷ್ಟೂ ಕರೆಂಟಿಗೆ ದಾರಿ ಸಲೀಸು ಎಂದು ಅವಳು ಓದಿ ತಿಳಿದಿದ್ದಳು. ಒಂದಕ್ಕಿಂತ ಚಿಕ್ಕದು ಇನ್ನೇನಿದೆ? ಸ್ವಿಚ್ಚು ಸರಿಯಿದೆ ಎಂದುಕೊಂಡಳು. ಬಲ್ಬು ಬದಲಿಸಿದಳು. ವೈರುಗಳನ್ನೆಲ್ಲ ಬಿಚ್ಚಿ ಹುಡುಕಿದಳು. ಎರಡು ದಿನ ಕಳೆದರೂ ದೀಪ ಉರಿಯಲಿಲ್ಲ.

ಮೂರನೆಯ ದಿನ ವ್ಯಾಪಾರಿ ಬಂದ. "ಆಗದಿದ್ದರೆ ಬಿಡಕ್ಕ, ಎದುರಿನವನ ಹತ್ತಿರ ತಳ್ಳಿಕೊಂಡು ಹೋಗ್ತೀನಿ."

ಅವಳ ಮುಖ ಕೆಂಪಾಯಿತು. ಈ ಗಾಡಿ ರಸ್ತೆ ದಾಟಿದರೆ ತನ್ನ ಇಷ್ಟು ವರ್ಷದ ಕೆಲಸವೂ ಅದರ ಹಿಂದೆ ಹೋದಂತೆ.

"ಸ್ವಿಚ್ಚು ಚೆನ್ನಾಗಿದೆ ಅಂತ ಮೀಟರೇ ಹೇಳ್ತಿದೆ, ನೋಡು!" ಎಂದು ಮತ್ತೆ ತಾಗಿಸಿ ತೋರಿಸಿದಳು.

ವ್ಯಾಪಾರಿ ಬಗ್ಗಿ ನೋಡಿದ. "ನಾನು ತೂಗುವ ಮೊದಲು ಖಾಲಿ ತಟ್ಟೆ ನೋಡ್ತೀನಕ್ಕ. ನಿನ್ನದು ಖಾಲಿ ಇದ್ದಾಗ ಎಷ್ಟು ತೋರಿಸುತ್ತೆ?"

ತಕ್ಕಡಿಯವನು ತನಗೆ ಪಾಠ ಹೇಳುವುದೇ ಎಂದು ಸಿಟ್ಟು ಬಂತು. ಆದರೂ ಕಡ್ಡಿಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದಳು. ಅದೇ ಒಂದು. ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಳು. ಸೊನ್ನೆ. ಅವಳಿಗೆ ಆಗ ತಿಳಿಯಿತು: ಆ 'ಒಂದು' ಎಂಬ ಅಂಕಿ ಅಳತೆಯೇ ಅಲ್ಲ, ಕಡ್ಡಿಗಳ ನಡುವೆ ದಾರಿಯೇ ಇಲ್ಲ ಎಂಬ ಗುರುತು.

ಸ್ವಿಚ್ಚು ಬಿಚ್ಚಿದಳು. ಒಳಗಿನ ತಗಡು ಕಿಲುಬು ಹಿಡಿದಿತ್ತು. ಉಜ್ಜಿ ಜೋಡಿಸಿ ಬಲಕ್ಕೆ ಒತ್ತಿದಳು. ದೀಪ ಮಿಣುಕತೊಡಗಿತು. ಎರಡು ದಿನದಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟು, ಅವಳು ಅಲ್ಲೇ ನೆಲದ ಮೇಲೆ ಕುಳಿತು ನಕ್ಕಳು.

ಕತೆ ಕೇಳಿ ಶಿಷ್ಯನೂ ನಕ್ಕ. "ಕೊನೆಗೂ ಗಾಡಿ ರಸ್ತೆ ದಾಟಲಿಲ್ಲವಲ್ಲ, ಸಮಾಧಾನವಾಯಿತು. ಆದರೆ ನನ್ನ ಪ್ರಶ್ನೆ?"

ಗುರುಗಳು ಹೇಳಿದರು: "ನೀನು ಏನನ್ನೂ ಕೇಳದೆ ಸುಮ್ಮನೆ ಕುಳಿತಾಗ ನಿನ್ನ ಮನಸ್ಸು ಏನೆನ್ನುತ್ತದೆ? ಆಗಲೂ 'ಸರಿ' ಎಂದೇ?"